ವ್ಯಾನು ಮೊಳಕಾಲ್ಮೂರಿನ ಕಡೆ ತಿರುಗಿದ ದಿನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊಸಪೇಟೆಯ ಒಂದು ಪ್ರವಾಸಿ ವ್ಯಾನಿನ ಚಾಲಕನಾಗಿದ್ದೆ. ನನ್ನ ಊರು ಬಿ.ಜಿ. ಕೆರೆ. ಹಂಪಿ ನೋಡಿದವರನ್ನು ಚಿತ್ರದುರ್ಗದ ಕೋಟೆಗೆ ಮುಟ್ಟಿಸುವುದು ನನ್ನ ಕೆಲಸ. ಸುತ್ತಾದರೂ ಮಾಲೀಕರು ಹೇಳಿದ ದಾರಿ ನಮ್ಮೂರು, ಚಳ್ಳಕೆರೆಗಳನ್ನು ಹಾದೇ ಹೋಗುತ್ತಿತ್ತು. ಹಂಪಿಯಲ್ಲಿ ನನ್ನ ವಾರಗೆಯವರು ಸೈಕಲ್ ಬಾಡಿಗೆಗೆ ಕೊಟ್ಟು, ಹಿತ್ತಲಲ್ಲಿ ಪ್ರವಾಸಿಗರಿಗೆ ಕೋಣೆ ಕಟ್ಟಿಸಿ, ಕಣ್ಣೆದುರೇ ತಾರಸಿ ಮನೆಯವರಾದರು. ನಮ್ಮ ಕಡೆಗೂ ಅಂಥದೇ ಬಂಡೆ, ಅಷ್ಟೇ ಬಿಸಿಲು. ಆದರೆ ನಮ್ಮ ಸೀಮೆ ಬಂದ ಕೂಡಲೇ ಪ್ರವಾಸಿಗರು ಕಿಟಕಿಯ ಪರದೆ ಎಳೆದು ನಿದ್ದೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಮೈಸೂರಿನ ನಿವೃತ್ತ ಶಿಕ್ಷಕಿಯರ ತಂಡವನ್ನು ಕರೆದೊಯ್ಯುತ್ತಿದ್ದೆ. ಮುಂದಿನ ಸೀಟಿನ ಹಿರಿಯ ಶಿಕ್ಷಕಿಯೊಬ್ಬರು ಮಾತ್ರ ಎಚ್ಚರವಾಗಿದ್ದರು.

"ಇಲ್ಲಿ ನೋಡೋಕೆ ಏನಿದೆಯಪ್ಪ?"

"ಏನೂ ಇಲ್ರಿ," ಅಂದೆ. ಅಂದ ಮೇಲೆ ಮುಖ ಬಿಸಿಯಾಯಿತು. ಗಾಡಿಯ ವೇಗ ತಗ್ಗಿಸಿ, "ಸುಳ್ಳು ಹೇಳ್ದೆ ಕಣ್ರಿ. ಅಗಾ, ಆ ಗುಡ್ಡ ಜಟಿಂಗ ರಾಮೇಶ್ವರ. ಅಲ್ಲಿ ಅಶೋಕ ಚಕ್ರವರ್ತಿ ಕೆತ್ತಿಸಿದ ಅಕ್ಷರ ಐತೆ. ಈ ಕಡೆ ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯೋ ಊರು," ಅಂದೆ.

"ಮೊಳಕಾಲ್ಮೂರು ಇಲ್ಲೇನಾ?" ಎಂದು ಅವರು ಕೂಗಿದ ರಭಸಕ್ಕೆ ಹಿಂದಿನವರೆಲ್ಲ ಎದ್ದು ಕೂತರು. "ತಿರುಗಿಸಿ ಗಾಡಿ!"

ಮಾಲೀಕರು ಬೈತಾರೆ ಎಂಬ ಭಯ ಒಂದು ಕಡೆ. ಆದರೆ ನನ್ನ ಕೈ ಆಗಲೇ ಸ್ಟೇರಿಂಗ್ ತಿರುಗಿಸಿತ್ತು.

ನನಗೆ ಪರಿಚಯವಿದ್ದ ಒಬ್ಬ ನೇಕಾರ ಅಕ್ಕನ ಮನೆ ಮುಂದೆ ನಿಲ್ಲಿಸಿದೆ. ತೆಲುಗು ಮನೆಮಾತಿನ ಆಕೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಹದಿನಾಲ್ಕು ಜನ ಒಟ್ಟಿಗೆ ಬಾಗಿಲು ತುಂಬಿದ್ದು ಕಂಡು, "ಯಾರ್ ಮನೆ ದಿಬ್ಬಣಪ್ಪ ಇದು?" ಎಂದು ನಕ್ಕಳು. ಲಾಳಿ ಓಡಿದಂತೆಲ್ಲ ಶಿಕ್ಷಕಿಯರು ಮಕ್ಕಳ ಹಾಗೆ ಕುಣಿದರು.

ಅವರಲ್ಲೊಬ್ಬರು ಹಿಂದಿನ ದಿನ ಹೊಸಪೇಟೆಯ ಅಂಗಡಿಯೊಂದರಲ್ಲಿ ಕೊಂಡ ಸೀರೆಯನ್ನು ಚೀಲದಿಂದ ತೆಗೆದು, "ಇದೂ ಹೀಗೇ ಇದೆ ನೋಡಿ," ಎಂದು ಬಿಚ್ಚಿದರು. ಅದರ ಚೀಟಿಯ ಮೇಲೆ ಬೇರೆ ಯಾವುದೋ ಊರಿನ ಹೆಸರಿತ್ತು. ಅಕ್ಕ ಸೆರಗಿನ ಅಂಚಿನ ಮೇಲೆ ಬೆರಳಾಡಿಸುತ್ತಾ ಥಟ್ಟನೆ ಒಂದು ಕಡೆ ಬೆರಳು ನಿಲ್ಲಿಸಿದಳು.

"ಅಯ್ಯೋ, ಇದಿ ನಾದೇ! ನಂದೇ ಸೀರೆ ಕಣಮ್ಮ! ಈ ನವಿಲಿಗೆ ಒಂದು ಕಾಲು ಗಿಡ್ಡ ಐತೆ ನೋಡ್ರಿ. ಜ್ವರ ಬಂದಾಗ ನೇಯ್ದಿದ್ದೆ, ಎಳೆ ತಪ್ಪಿತ್ತು."

ಎಲ್ಲರೂ ಬಗ್ಗಿ ನೋಡಿದರು. ಹೌದು, ಗಿಡ್ಡ ಕಾಲು! ಮನೆ ತುಂಬ ನಗು. ಅಂಗಡಿಯಲ್ಲಿ ಕೊಟ್ಟ ಬೆಲೆ ಕೇಳಿದ ಮೇಲೆ ಮಾತ್ರ ಅಕ್ಕ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಅವಳ ಕೈಗೆ ಬಂದದ್ದು ಅದರ ಅರ್ಧವೂ ಅಲ್ಲ. ಆ ಶಿಕ್ಷಕಿ ಅವಳ ಕೈ ಹಿಡಿದುಕೊಂಡು, "ಇನ್ಮೇಲೆ ನಿಮ್ಮಿಂದಲೇ ತಗೋತೀವಿ," ಅಂದರು. ಅಂದೇ ಐದು ಸೀರೆಗಳು ಆ ಹೊಸ್ತಿಲಿನಿಂದಲೇ ಹೊರಟವು.

ಮಾಲೀಕರು ಬೈದರು, ನಿಜ. ಆದರೆ ಶಿಕ್ಷಕಿಯರು ಬರೆದ ಪತ್ರ ಬಂದ ಮೇಲೆ ಮೆತ್ತಗಾಗಿ, ಪ್ರತಿ ಸಲವೂ ಮೊಳಕಾಲ್ಮೂರಿನಲ್ಲಿ ನಿಲ್ಲಿಸಲು ಒಪ್ಪಿದರು. ಕೆಲವು ತಿಂಗಳ ಮೇಲೆ ಒಂದು ದಿನ, "ಅಲ್ಲಿ ನಿಲ್ಲಿಸಿದ್ರೆ ಊಟಕ್ಕೆ ಏನ್ ಮಾಡ್ತೀಯಲೇ? ಒಂದು ಹೋಟೆಲ್ ಐತಾ?" ಎಂದು ಕೇಳಿದರು.

ನನಗೆ ಬೇಕಾಗಿದ್ದದ್ದೂ ಆ ಪ್ರಶ್ನೆಯೇ. ಅಷ್ಟರಲ್ಲಿ ಅಕ್ಕನ ಮನೆಯಲ್ಲಿ ಎರಡನೇ ಮಗ್ಗ ಕೂತಿತ್ತು, ಆ ಬೀದಿಗೆ ಕಳೆ ಬಂದಿತ್ತು. ನಮ್ಮೂರಿನ ಮುಂದೆ ಮಾತ್ರ ವ್ಯಾನು ಧೂಳೆಬ್ಬಿಸಿ ಹೋಗುತ್ತಲೇ ಇತ್ತು. ಹಿಂದೆ ಹಂಪಿಯವರನ್ನು ಕಂಡರೆ ಆಗುತ್ತಿದ್ದ ಸಂಕಟ ಈಗ ಪಕ್ಕದೂರಿನವರನ್ನು ಕಂಡು ಆಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೆ ಆಗುತ್ತಿತ್ತು.

ಮನೆಗೆ ಹೋಗಿ, ಪ್ರವಾಸಿಗರಿಗೆ ಊಟ ಮಾಡಿ ಹಾಕು ಎಂದು ಅತ್ತಿಗೆಗೆ ಹೇಳಿದೆ. ಕುರಿ ಹಿಂಡಿನ ಹಿಂದೆ ಓಡಾಡಿ ಗಟ್ಟಿಯಾದ ಹೆಂಗಸು ಅವಳು.

"ಮೈಸೂರೋರು ನಮ್ ಮುದ್ದೆ ಉಣ್ತಾರಾ?"

"ಉಣ್ಣಿಸಿ ನೋಡು."

ಮುಂದಿನ ವಾರ ಬಿ.ಜಿ. ಕೆರೆಯಲ್ಲಿ, ಹೆದ್ದಾರಿ ಬದಿಯ ಬೇವಿನ ಮರದ ಕೆಳಗೆ, ಮೊದಲ ಬಾರಿ ಬ್ರೇಕ್ ಹಾಕಿದೆ. ಬಿಸಿ ಮುದ್ದೆ, ಹುರುಳಿ ಸಾರು, ಶೇಂಗಾ ಚಟ್ನಿ. ದಪ್ಪ ಕನ್ನಡಕದ ಪ್ರವಾಸಿಗರೊಬ್ಬರು ಮುದ್ದೆಯನ್ನು ಅಗಿಯಲು ಹೋದರು. "ಅಗೀಬೇಡ್ರೀ, ನುಂಗ್ರೀ!" ಎಂದು ಅತ್ತಿಗೆ ಸೌಟು ಎತ್ತಿ ಕೂಗಿದಳು. ಅವರು ಕಣ್ಣು ಮುಚ್ಚಿ ನುಂಗಿದರು. ಮತ್ತೆ ತಟ್ಟೆ ಮುಂದೆ ಚಾಚಿದರು.