ಸುಣ್ಣ ಬಳಿದ ಮಡಿಕೆ

ಬನ್ನಂಜೆಯಲ್ಲಿ ನಮ್ಮ ಎದುರು ಮನೆಯ ಗಂಡ ಹೆಂಡತಿ ನಾಸಿಕಕ್ಕೆ ಹೋಗಿ ದ್ರಾಕ್ಷಿತೋಟಗಳನ್ನು ಸುತ್ತಿ ಬಂದರು. ಬಂದ ಮೇಲೆ ಫೋನಿನಲ್ಲಿ ಫೋಟೋ ತೋರಿಸಿದ್ದೇ ತೋರಿಸಿದ್ದು. ಕೈಯಲ್ಲಿ ವೈನ್ ಗ್ಲಾಸು, ಹಿಂದೆ ಬಳ್ಳಿಗಳ ಸಾಲು. ನನ್ನ ಗಂಡ ಎಲ್ಲವನ್ನೂ ಸಮಾಧಾನದಿಂದ ನೋಡಿ, ಅಷ್ಟು ದೂರ ಯಾಕೆ, ನಮ್ಮ ದ್ರಾಕ್ಷಿತೋಟ ಮರದ ತುದಿಯಲ್ಲೇ ಉಂಟಲ್ಲ ಎಂದು ನಕ್ಕರು. ಕಳ್ಳಿನ ವಿಷಯ. ನನಗೆ ನಗು ಬರಲಿಲ್ಲ.

ಮಣಿಪಾಲದ ಡಾಕ್ಟರು ಇವರ ಲಿವರಿನ ಸ್ಕ್ಯಾನಿಂಗ್ ನೋಡಿ, ಇನ್ನು ಒಂದು ಹನಿ ಕುಡಿದರೂ ನನ್ನ ಹತ್ತಿರ ಬರಬೇಡಿ ಎಂದು ಹೇಳಿ ಹತ್ತು ತಿಂಗಳಾಗಿತ್ತು. ಹತ್ತು ತಿಂಗಳಿಂದ ಮುಟ್ಟಿಲ್ಲ ಎಂದು ಇವರು ಹೇಳುತ್ತಿದ್ದರು. ಹೌದೌದು ಎಂದು ನಾನು ತಲೆಯಾಡಿಸುತ್ತಿದ್ದೆ, ಇವರು ಸ್ನಾನಕ್ಕೆ ಹೋದಾಗ ಅಂಗಿ ಮೂಸುತ್ತಿದ್ದೆ. ಇಪ್ಪತ್ತೆರಡು ವರ್ಷ ಸುಳ್ಳು ಕೇಳಿದ ಮೂಗು ಅಷ್ಟು ಬೇಗ ನಂಬುವುದಿಲ್ಲ.

ಮುಂದಿನ ಭಾನುವಾರ ಕಾರು ತೊಳೆದು, ನಾವೂ ಒಂದು ಸುತ್ತು ಹೋಗಿ ಬರುವ ಎಂದರು. ಕಾಪುವಿನಿಂದ ಕಾರ್ಕಳ, ಅಲ್ಲಿಂದ ಹಿರಿಯಡ್ಕದ ದಾರಿಯಲ್ಲಿ ವಾಪಸ್. ಹೊರಡುವಾಗಲೇ ನನಗೆ ಅನುಮಾನ. ಹಾರ್ನ್ ಮೇಲಿನ ಕೈ ತೆಗೆಯದೆ ಓಡಿಸುವ ಮನುಷ್ಯ ಅಂದು ಹೆದ್ದಾರಿಯಲ್ಲಿ ಮದುವೆ ಮೆರವಣಿಗೆಗಿಂತ ನಿಧಾನವಾಗಿ ಹೋಗುತ್ತಿದ್ದರು. ಆಗಾಗ ತಲೆ ಬಗ್ಗಿಸಿ ಮರಗಳ ತುದಿ ನೋಡುತ್ತಿದ್ದರು. ಮಡಿಕೆ ಕಟ್ಟಿದ ಮರ ಕಂಡರೆ ಇನ್ನೂ ನಿಧಾನ.

ಕಾಪುವಿನ ಕಡಲ ಬದಿಯಲ್ಲಿ ನನ್ನನ್ನು ನೆರಳಲ್ಲಿ ಕೂರಿಸಿ ಎಳನೀರಿನ ಬೊಂಡ ತರುತ್ತೇನೆ ಎಂದು ಹೋದವರು ಕಾಲು ಗಂಟೆ ಬರಲಿಲ್ಲ. ಬಂದಾಗ ಬಾಯಲ್ಲಿ ಏಲಕ್ಕಿ. ಕುಡಿತ ಬಿಟ್ಟ ಮೇಲೆ ಏಲಕ್ಕಿ ಜಗಿಯುವ ಅಭ್ಯಾಸ ಇವರಿಗಿದೆ, ನಿಜ. ಆದರೆ ಏಲಕ್ಕಿಯ ಕೆಳಗೆ ಏನನ್ನು ಬೇಕಾದರೂ ಅಡಗಿಸಬಹುದು. ಬೊಂಡ ಕೊಡುವಾಗ ಬೇಕೆಂದೇ ಮುಖದ ಹತ್ತಿರ ಹೋದೆ. ಏನೂ ಗೊತ್ತಾಗಲಿಲ್ಲ, ಗೊತ್ತಾಗದ್ದಕ್ಕೆ ಸಿಟ್ಟು ಬಂತು. ಉಚ್ಚಿಲದಲ್ಲಿ ಗೂಡಂಗಡಿಯ ಹಿಂದೆ ಮರೆಯಾದರು. ನಾನು ಚಪ್ಪಲಿಯ ಸದ್ದಾಗದ ಹಾಗೆ ಹಿಂದೆಯೇ ಹೋದೆ. ನೋಡಿದರೆ ಮೀನಿನ ಹೆಂಗಸಿನ ಹತ್ತಿರ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದಾರೆ. ನನ್ನನ್ನು ಕಂಡು, ನಿನಗೆ ಆಶ್ಚರ್ಯ ಮಾಡುವ ಎಂದಿದ್ದೆ ಎಂದರು. ಆಶ್ಚರ್ಯವೇ ಆಯಿತು.

ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್ ದಾಟಿದ ಮೇಲೆ ದಾರಿ ಚೆಂದ. ಕಾರ್ಕಳದ ಬಂಡೆಗಳು ಕಾಣಿಸತೊಡಗಿದವು. ಊಟ ಮುಗಿಸಿ, ಕೆರೆಯ ಬದಿಯಲ್ಲಿ ಕೂತು, ಸಂಜೆ ನಾಲ್ಕರ ಹೊತ್ತಿಗೆ ಮತ್ತೆ ಹೊರಟೆವು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಇವರು ಕೇಳದೆ ಹೇಳದೆ ಕಾರನ್ನು ಮಣ್ಣಿನ ದಾರಿಗೆ ಇಳಿಸಿ ಒಂದು ತಾಳೆ ಮರದ ಬುಡದಲ್ಲಿ ನಿಲ್ಲಿಸಿದರು. ಮೇಲಿಂದ ಒಬ್ಬರು ಇಳಿಯುತ್ತಿದ್ದರು, ಸೊಂಟದಲ್ಲಿ ಕತ್ತಿ, ಮಡಿಕೆ. ಸಿಕ್ಕಿಬಿದ್ದರಲ್ಲ ಎಂದು ನನಗೆ ಒಂದು ಕ್ಷಣ ಖುಷಿಯಾಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಖುಷಿಯಾದದ್ದು ನಿಜ.

ಇವರ ಅಪ್ಪ ಮೂರ್ತೆ ಮಾಡುತ್ತಿದ್ದವರು, ಎಂದರೆ ಕಳ್ಳು ಇಳಿಸುವ ಕೆಲಸದವರು. ಮರದಿಂದ ಇಳಿದ ಆ ಹಿರಿಯರು ಅವರ ಕೈಯಲ್ಲಿ ಕೆಲಸ ಕಲಿತವರಂತೆ. ಈಗ ಅವರು ಅಮಲಿನ ಕಳ್ಳು ಇಳಿಸುವುದಿಲ್ಲ, ಮಡಿಕೆಯ ಒಳಗೆ ಸುಣ್ಣ ಬಳಿದು ಕಟ್ಟುತ್ತಾರೆ, ಸುಣ್ಣ ಸರಿ ಬಿದ್ದರೆ ಹುಳಿಯಾಗುವುದಿಲ್ಲ, ಅಮಲೂ ಬರುವುದಿಲ್ಲ, ಅದನ್ನು ಕಾಯಿಸಿ ಓಲೆಬೆಲ್ಲ ಮಾಡುತ್ತಾರೆ ಎಂದು ಇವರು ವಿವರಿಸಿದರು. ಚಿಕ್ಕಂದಿನಲ್ಲಿ ಇವರು ಶಾಲೆಗೆ ಹೋಗುವ ಮೊದಲು ಇಂಥ ಸಿಹಿಯದ್ದು ಒಂದು ಲೋಟ ಕುಡಿಯುತ್ತಿದ್ದರಂತೆ. ಡಾಕ್ಟರನ್ನೂ ಕೇಳಿದ್ದರಂತೆ, ಸಿಹಿಯಾಗಿದ್ದರೆ ಒಂದೆರಡು ಗುಟುಕು ಪರವಾಗಿಲ್ಲ ಎಂದಿದ್ದರಂತೆ. ಎಷ್ಟೊಂದು ಅಂತೆಗಳು ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ.

ಹಿರಿಯರು ಸ್ಟೀಲ್ ಲೋಟಕ್ಕೆ ಸೋಸಿ ಕೊಟ್ಟರು. ಇವರು ಅದನ್ನು ತುಟಿಗೆ ತಾಗಿಸದೆ ನನ್ನ ಮುಂದೆ ಹಿಡಿದರು.

"ನೀನು ಮೊದಲು ನೋಡು ಮಾರಾಯ್ತಿ. ಹುಳಿ ಉಂಟು ಅಂತಾದರೆ ನನಗೆ ಬೇಡ."

ಒಂದು ಗುಟುಕು ಕುಡಿದೆ. ನನ್ನ ಜನ್ಮದಲ್ಲಿ ಅಂಥ ಸಿಹಿ ಕುಡಿದಿರಲಿಲ್ಲ. ಇವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶ ಕಾಯುವವರ ಹಾಗೆ. ಇಂದು ಸಿಹಿ, ನಾಳೆ ಸ್ವಲ್ಪ ಹುಳಿ, ಆಮೇಲೆ ಅದೇ ಹಳೆಯ ರಾತ್ರಿಗಳು ಎಂದು ನನಗೆ ಹೆದರಿಕೆಯಾಯಿತು.

"ಹುಳಿ ಉಂಟು," ಎಂದೆ.

ಕತ್ತಿ ಒರೆಸುತ್ತಿದ್ದ ಹಿರಿಯರ ಕೈ ನಿಂತಿತು. ಮಡಿಕೆಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ನನ್ನನ್ನು ನೋಡಿದರು, ಇವರನ್ನು ನೋಡಿದರು.

"ಹೌದು, ಅಕ್ಕ ಹೇಳಿದ್ದು ಸರಿ. ಇವತ್ತು ಸುಣ್ಣ ಕಡಿಮೆ ಆಗಿದೆ. ನನಗೂ ವಯಸ್ಸಾಯ್ತಲ್ವಾ."

ಇವರು ಲೋಟವನ್ನು ಮರದ ಬುಡಕ್ಕೆ ಸುರಿದರು. ಅವಸರದಲ್ಲಿ ಸ್ವಲ್ಪ ಬಲಗೈ ಮೇಲೆ ಚೆಲ್ಲಿತು. ಅಂಗಿಗೆ ಒರೆಸಿಕೊಂಡು ಕಾರು ಹತ್ತಿದರು.

ಹಿರಿಯಡ್ಕ ದಾಟುವವರೆಗೆ ನಾನು ಗೆದ್ದೆ ಎಂದುಕೊಂಡಿದ್ದೆ. ಆದರೆ ಆ ಹಿರಿಯರ ಮುಖ ಬಿಡಲಿಲ್ಲ. ನನ್ನನ್ನು ಅಂದೇ ಮೊದಲು ಕಂಡ ಅವರು ನನ್ನ ಸುಳ್ಳಿಗಾಗಿ ತಮ್ಮ ಕೈಕಸುಬಿನ ಮರ್ಯಾದೆಯನ್ನೇ ಬಿಟ್ಟುಕೊಟ್ಟಿದ್ದರು. ಇವರು ಕಣ್ಣು ರಸ್ತೆಯ ಮೇಲಿಟ್ಟು ಸುಮ್ಮನೆ ಓಡಿಸುತ್ತಿದ್ದರು. ಇವರ ಮೌನದ ಮೇಲೂ ನನಗೆ ಅನುಮಾನ ಬಂತು. ಪರ್ಕಳದಲ್ಲಿ ಬಸ್ಸೊಂದರ ಹಿಂದೆ ನಿಂತಾಗ ತಡೆಯಲಾಗಲಿಲ್ಲ.

"ಅವರ ಸುಣ್ಣ ತಪ್ಪಿರಲಿಲ್ಲ," ಎಂದೆ. "ಸಿಹಿ ಇತ್ತು."

"ಗೊತ್ತುಂಟು," ಎಂದರು ಇವರು. "ಕೈ ಇನ್ನೂ ಅಂಟುತ್ತಾ ಉಂಟು. ಹುಳಿ ಬಂದದ್ದು ಹೀಗೆ ಅಂಟುವುದಿಲ್ಲ."

ಬಲಗೈಯನ್ನು ಸ್ಟೀರಿಂಗಿನಿಂದ ಎತ್ತಿ ತೋರಿಸಿದರು, ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಕಾರ್ಕಳದಿಂದ ಇಲ್ಲಿಯವರೆಗೆ ನಾನು ಆ ಕೈ ಮೇಲಿನ ಕಣ್ಣು ತೆಗೆದಿರಲಿಲ್ಲ. ಒಂದು ಸಲವೂ ಅದು ಬಾಯಿಯ ಹತ್ತಿರ ಹೋಗಿರಲಿಲ್ಲ.