‘ಜೋಮು’ ಧ್ವನಿಮುದ್ರಿಕೆ ಮತ್ತು ಫಿಡೆಲಿಸ್ ಮಾಸ್ತರರ ಎಡಗಾಲು

ಗಡಿನಾಡಿನ ವಾದ್ಯಸಂಗೀತದ ಮಾತು ಬಂದಾಗ ಹೊಸಂಗಡಿಯ ಫಿಡೆಲಿಸ್ ಮಾಸ್ತರರ ಹೆಸರನ್ನು ದಾಟಿ ಮುಂದೆ ಹೋಗುವುದು ಸಾಧ್ಯವಿಲ್ಲ. ಮೂರು ದಶಕಗಳ ಕಾಲ ಶಾಲೆಯಲ್ಲಿ ಸಂಗೀತ ಕಲಿಸಿ ಈ ಮಾರ್ಚಿನಲ್ಲಿ ನಿವೃತ್ತರಾದ ಈ ಮಹನೀಯರು, ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನವರನ್ನೂ ದೈವ ಕಟ್ಟಿ ಕುಣಿಯುವ ನೇಮದ ವಾದ್ಯದವರನ್ನೂ ಒಂದೇ ಚಾಪೆಯಲ್ಲಿ ಕೂರಿಸಿದವರು. ಅವರ ಕೀರ್ತಿಗೆ ಕಾರಣ ವಿದ್ವತ್ತೋ ಎಡಗಾಲೋ ಎಂಬುದರಲ್ಲಿ ಊರಿಗೆ ಇಂದಿಗೂ ಒಮ್ಮತವಿಲ್ಲದಿರುವುದರಿಂದ, ನಡೆದದ್ದನ್ನು ನಡೆದಂತೆ ಇಲ್ಲಿ ದಾಖಲಿಸಲಾಗಿದೆ.

ಮಾಸ್ತರರ ತಂದೆ ನಲವತ್ತು ವರ್ಷ ಇಗರ್ಜಿಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವರು. ಅವರು ತೀರಿಕೊಂಡ 2001ರಲ್ಲಿ, ಅವರ ನೆನಪಿಗೊಂದು ದೊಡ್ಡ ಕೃತಿ ಬರೆಯಬೇಕೆಂದು ಮಗ ಸಂಕಲ್ಪಿಸಿದರು. ಅದಕ್ಕಾಗಿ ಇಪ್ಪತ್ತೆರಡು ಮಂದಿಯ ವಾದ್ಯವೃಂದ ಕಟ್ಟಿದರು. ನೇಮದ ಕಡೆಯಿಂದ ಬಂದವರಲ್ಲಿ ಹಿರಿಯರು ಸ್ಯಾಕ್ಸೊಫೋನ್ ವಾಸಪ್ಪ. ಒಮ್ಮೆ ನೇಮದ ಮುನ್ನಾದಿನ ಅವರ ವಾದ್ಯದ ತೂತು ಮುಚ್ಚುವ ಪ್ಯಾಡುಗಳು ಹರಿದಾಗ, ಮಾಸ್ತರರು ತಮ್ಮ ಹೊಸ ಚರ್ಮದ ಚೀಲವನ್ನೇ ಕತ್ತರಿಸಿ ಪ್ಯಾಡು ಮಾಡಿಕೊಟ್ಟು, ಮರುದಿನ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಪುಸ್ತಕ ಹಿಡಿದು ಶಾಲೆಗೆ ಬಂದರು. ಅಂದಿನಿಂದ ವಾಸಪ್ಪ ಒಂದು ಅಭ್ಯಾಸವನ್ನೂ ತಪ್ಪಿಸಿಕೊಂಡವರಲ್ಲ.

ಕೃತಿ ಬರೆದು ಮುಗಿಯಲು ಹತ್ತು ವರ್ಷ ಹಿಡಿಯಿತು: ನಲವತ್ತೆರಡು ಪುಟ, ಮೊದಲ ಪುಟದಲ್ಲಿ ತಂದೆಯ ಹೆಸರು. 2011ರ ಒಂದು ಭಾನುವಾರ ಹತ್ತಿರದ ಅನಂತಪುರದಲ್ಲಿ ಖಾಲಿ ಬಿದ್ದಿದ್ದ ಗೋದಾಮೊಂದರಲ್ಲಿ ಧ್ವನಿಮುದ್ರಣ. ಯಂತ್ರದ ಮುಂದೆ ಹಳೆಯ ವಿದ್ಯಾರ್ಥಿ ರೊಯ್ಸ್ಟನ್. ಮರದ ಪೆಟ್ಟಿಗೆಯ ಮೇಲೆ ಎಡಗಾಲು ಮಡಚಿ ಕುಳಿತು ಕೈಬೀಸುತ್ತ ಮಾಸ್ತರರು.

ತೊಂದರೆ ಎಲ್ಲಿತ್ತೆಂದರೆ, ಬ್ಯಾಂಡಿನವರು ಕಾಗದ ನೋಡಿ ಊದುವವರು, ನೇಮದವರು ದೈವದ ಹೆಜ್ಜೆ ನೋಡಿ ಊದುವವರು. ಮಾಸ್ತರರು ಎಷ್ಟೇ ಅಂದವಾಗಿ ಕೈಬೀಸಿದರೂ ವಾಸಪ್ಪನವರ ಕಣ್ಣು ರೂಢಿಯಂತೆ ಅವರ ಕಾಲಿನ ಮೇಲೆಯೇ. ಎರಡು ಸಲ ನುಡಿಸಿದ್ದು ಹೇಗೋ ಮುಗಿಯಿತು, ಆದರೆ ಜೀವವಿರಲಿಲ್ಲ. ಮೂರನೆಯ ಸಲ ಒಂಬತ್ತನೇ ಪುಟಕ್ಕೆ ಬಂದಾಗ ಮಾಸ್ತರರ ಎಡಗಾಲಿಗೆ ಜೋಮು ಹಿಡಿಯಿತು. ಎದ್ದು ನಿಂತು ಧಪಧಪನೆ ನಾಲ್ಕು ಸಲ ನೆಲಕ್ಕೆ ಕುಟ್ಟಿದರು.

ವಾಸಪ್ಪನವರಿಗೆ ಅಷ್ಟು ಸಾಕಾಯಿತು. ಸ್ಯಾಕ್ಸೊಫೋನ್ ಭೋರ್ಗರೆಯಿತು, ಚೆಂಡೆ, ತಾಸೆಗಳು ಬೆನ್ನು ಹತ್ತಿದವು. ಬ್ಯಾಂಡಿನವರು ಕಾಗದದಲ್ಲಿ ಹುಡುಕಿದರು, ಅಲ್ಲೇನೂ ಇರಲಿಲ್ಲ. ಕ್ಲಾರಿನೆಟ್ಟಿನ ಎಲ್ವಿಟಾ ಕಾಗದವನ್ನು ನೆಲಕ್ಕೆ ಹಾಕಿ, ಕಣ್ಣುಮುಚ್ಚಿ ಊದತೊಡಗಿದಳು. ನಿಲ್ಲಿಸಲು ಕೈಯೆತ್ತಿದ ಮಾಸ್ತರರು ಕೈಯನ್ನು ಹಾಗೆಯೇ ಇಳಿಸಿದರು, ಮತ್ತೊಂದು ಹೆಜ್ಜೆ ಇಟ್ಟು ನೋಡಿದರು. ವೃಂದದ ನಾದವೂ ಅತ್ತಲೇ ತಿರುಗಿತು. ಆಮೇಲೆ ಐವತ್ತು ನಿಮಿಷ ಅವರು ನಡೆದರು, ಇವರು ಊದಿದರು. ಕೊನೆಗೆ ಅವರು ನಿಂತರೂ ಇವರು ನಿಲ್ಲಲಿಲ್ಲ, ಒಬ್ಬರನ್ನೊಬ್ಬರು ಕೇಳಿಕೊಂಡೇ ಸಾಗಿದರು.

“ಸರ್, ಇದನ್ನು ಹೊರಗಿನವರು ಫ್ರೀ ಜಾಝ್ ಅಂತಾರೆ,” ಎಂದ ರೊಯ್ಸ್ಟನ್, ಬೆವರು ಒರೆಸಿಕೊಳ್ಳುತ್ತ. “ಬರೆದದ್ದು ಎಂತ ಇಲ್ಲ, ಆಗಲೇ ಹುಟ್ಟುವುದು.”

“ನಮ್ಮಲ್ಲಿ ಅದಕ್ಕೆ ಹೆಸರೇ ಇಲ್ಲ ಮಾರಾಯ,” ಎಂದರು ವಾಸಪ್ಪ. “ಅದು ಕೆಲಸ.”

ಆದರೆ ಮಾಸ್ತರರ ಎದೆಯಲ್ಲಿ ಬೇರೆಯೇ ಗದ್ದಲ. ಕೈಯಲ್ಲಿದ್ದ ದುಡ್ಡಿಗೆ ಹೊರತರಬಹುದಾದ ಧ್ವನಿಮುದ್ರಿಕೆ ಒಂದೇ. ಇದನ್ನು ಹೊರತಂದರೆ ತಂದೆಯ ಹೆಸರಿನ ನಲವತ್ತೆರಡು ಪುಟ ಮೂಲೆಗೆ; ಅದನ್ನೇ ಇನ್ನೊಂದು ದಿನ ನುಡಿಸಿದರೆ ಈ ಐವತ್ತು ನಿಮಿಷ ಕಸಕ್ಕೆ. ಹತ್ತು ವರ್ಷದ ದುಡಿಮೆಯನ್ನು ಒಂದು ಜೋಮಿಗೆ ಬಿಟ್ಟುಕೊಡುವುದು ಸಣ್ಣ ಸಂಕಟವಲ್ಲ. ಹೊರಗೆ ಗೋದಾಮಿನ ಜಗಲಿಯಲ್ಲಿ ಮುಖ ಚಿಕ್ಕದು ಮಾಡಿ ಕುಳಿತಿದ್ದ ಗಂಡನಿಗೆ, ವೃಂದದ ಚಹಾ-ತಿಂಡಿಗೆಂದು ಜೊತೆಗೆ ಬಂದಿದ್ದ ತೆರೆಜಾಬಾಯಿಯವರು ಚಹಾ ತಂದುಕೊಟ್ಟು ಎಂದರು: “ನೀವು ಬರೆದದ್ದು ಕಾಗದದಲ್ಲಿ ಉಂಟಲ್ಲ, ಎಲ್ಲಿಗೆ ಹೋಗ್ತದೆ? ಅವರು ಊದಿದ್ದನ್ನು ಬಿಟ್ಟರೆ ಪುನಃ ಎಲ್ಲಿಂದ ತರ್ತೀರಿ?”

ಮಾಸ್ತರರು ಚಹಾ ಮುಗಿಸಿ ಒಳಗೆ ಹೋಗಿ, ಇದೇ ಇರಲಿ ಎಂದರು. ‘ಜೋಮು’ ಎಂಬ ಹೆಸರನ್ನೂ ತಾವೇ ಇಟ್ಟರು. ಹೊದಿಕೆಯ ಮೇಲೆ ಇಪ್ಪತ್ತೆರಡು ಹೆಸರುಗಳಿವೆ, ಅವರದಿಲ್ಲ. ಅದನ್ನು ಕೇಳಿದ ದೂರದೂರದವರು ಮೆಚ್ಚಿ ಪತ್ರ ಬರೆದರು. ನಲವತ್ತೆರಡು ಪುಟಗಳು ಕಪಾಟು ಸೇರಿದವು. ಮಾಸ್ತರರು ಅವುಗಳ ಸುದ್ದಿ ಎತ್ತಲಿಲ್ಲ.

ಈ ಮಾರ್ಚಿನಲ್ಲಿ ಶಾಲೆಯ ಬೀಳ್ಕೊಡುಗೆಯ ದಿನ ವೃಂದವಿಡೀ ವೇದಿಕೆ ಏರಿತು. ಎಲ್ವಿಟಾ ಮಾಸ್ತರರ ಕೈಗೆ ಆ ಪುಟಗಳನ್ನು ಕೊಟ್ಟಳು. ತೆರೆಜಾಬಾಯಿ ಗುಟ್ಟಾಗಿ ಕೊಟ್ಟಿದ್ದ ಅವನ್ನು ಇಡೀ ವರ್ಷ, ಸ್ವರಲಿಪಿ ಓದಲು ಬಾರದ ನೇಮದವರಿಗೆ ಊದಿ ಊದಿ ಕಿವಿಯಿಂದಲೇ ಕಲಿಸಿದವಳು ಅವಳು. ಮಾಸ್ತರರ ಕಣ್ಣು ಮಂಜಾಗಿ ಮೊದಲ ಪುಟದ ಹೆಸರೇ ಕಾಣಿಸಲಿಲ್ಲ.

“ಇವತ್ತು ಕಾಲು ಗಟ್ಟಿ ಇಟ್ಟುಕೊಳ್ಳಿ ಮಾಷ್ಟ್ರೇ,” ಎಂದರು ವಾಸಪ್ಪ. “ನಮಗೆ ಕೈ ನೋಡ್ಲಿಕ್ಕೆ ಉಂಟು.”

ನಲವತ್ತೆರಡು ಪುಟ ಮುಗಿಯುವ ತನಕ ಒಬ್ಬರೂ ಕೆಳಗೆ ನೋಡಲಿಲ್ಲ.

ಮಾನ್ಯರು ತೆರೆಜಾಬಾಯಿಯವರೊಂದಿಗೆ ನೆಮ್ಮದಿಯಿಂದ ಬಹುಕಾಲ ಬಾಳಲಿ, ಇನ್ನೂ ನೂರು ಪುಟ ಬರೆಯಲಿ. ಅವರ ಕೈಗಳಿಗೆ ಬಲವಿರಲಿ. ಎಡಗಾಲಿಗೆ ಆಗಾಗ ಜೋಮು ಹಿಡಿಯುತ್ತಿರಲಿ.