ಗಾಜಿನ ಪೆಟ್ಟಿಗೆಯ ಕೆಂಪು ಸೀರೆ

ನಾನು ಚಾಳಿನ ನಲ್ಲಿಯ ಹತ್ತಿರ ಜಗಳಕ್ಕೆ ನಿಂತರೆ ಮೇಲಿನ ಮಾಳಿಗೆಯವರೂ ಕಿಟಕಿ ತೆಗೆದು ನೋಡುತ್ತಿದ್ದರು. ಅಂಥ ಬಾಯಿ ನನ್ನದು. ಆ ಬಾಯಿ ಬೇಕಾದ ಹೊತ್ತಿಗೇ ಕೈಕೊಟ್ಟಿತು, ನೋಡಿ!

ವಿಲೆ ಪಾರ್ಲೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನನ್ನವರು, ಮಕ್ಕಳಿಬ್ಬರು, ಅತ್ತೆ, ಜೊತೆಗೆ ನಾದಿನಿ. ನಾದಿನಿ ನನಗಿಂತ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಧಾರವಾಡದಿಂದ ನಮ್ಮಲ್ಲಿಗೇ ಬಂದಿದ್ದಳು. ಅದು ಐವತ್ತರ ದಶಕ, ಅಕ್ಕಪಕ್ಕದ ಹೆಂಗಸರು ಟಿಫಿನ್ ಡಬ್ಬಿ ಹಿಡಿದು ಆಫೀಸಿಗೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅತ್ತೆಯ ಮಡಿ ಒಂದಿಷ್ಟೂ ಸಡಿಲಾಗಿರಲಿಲ್ಲ. ತಮ್ಮ ಮಗಳಿಗೇ ಕೆಂಪು ಸೀರೆ, ಬೋಳು ತಲೆ, ಒಪ್ಪತ್ತು ಊಟ. ತಿಂಗಳಿಗೊಮ್ಮೆ ಮುದುಕ ಹಜಾಮ ಬರುತ್ತಿದ್ದ. ಅವನು ಬರುವಷ್ಟರಲ್ಲಿ ನೀರು ಕಾಯಿಸಿಡುವುದು ನನ್ನ ಕೆಲಸ.

ದೀಪಾವಳಿ ರಜೆಯಲ್ಲಿ ಮಕ್ಕಳು ಬೈಕಲಾದ ಮ್ಯೂಸಿಯಂ ತೋರಿಸೆಂದು ಗಂಟುಬಿದ್ದರು. "ಅತ್ಯಾನೂ ಬರ್ಲಿ" ಎಂದು ಮಗ ನಾದಿನಿಯ ಕೈ ಜಗ್ಗುತ್ತ ಹಟ ಹಿಡಿದ. ಅತ್ತೆ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ನಾದಿನಿಯ ಸಂಭ್ರಮ ಹೇಳತೀರದು! ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಕುಳಿತು ಒಂದೊಂದು ಸ್ಟೇಷನ್ನಿನ ಹೆಸರನ್ನೂ ಹುಡುಗನಿಂದ ಹೇಳಿಸಿಕೊಂಡಳು.

"ವೈನೀ, ಇನ್ನಮ್ಯಾಲೆ ಇವ್ರನ್ನ ನಾನ ಕರ್ಕೊಂಡು ಅಡ್ಡಾಡ್ತೀನ್ರಿ" ಅಂದಳು.

ಮ್ಯೂಸಿಯಂನಲ್ಲಿ ಹಳೇ ಮುಂಬಯಿಯ ನಕ್ಷೆ, ಹಡಗು, ಕೋಟೆ ಎಲ್ಲ ನೋಡಿದೆವು. ಮುಂದೆ ಗಾಜಿನ ಪೆಟ್ಟಿಗೆಗಳಲ್ಲಿ ಮಣ್ಣಿನ ಗೊಂಬೆಗಳು: ಮೀನು ಮಾರುವವಳು, ನೇಕಾರ, ಹಾವಾಡಿಗ. ಮುಂದೆ ಓಡಿದ್ದ ಮಗ ಅಲ್ಲಿಂದಲೇ ಕೂಗಿದ.

"ಅಮ್ಮಾ, ಲಗೂನ ಬಾ! ಅತ್ಯಾನ ಗೊಂಬಿ!"

ಗೇಣುದ್ದದ ಹೆಂಗಸು. ಕೆಂಪು ಸೀರೆ, ಬೋಳು ತಲೆಯ ಮೇಲೆ ಸೆರಗು, ಕೈಯಲ್ಲಿ ಜಪಮಾಲೆ. ಮಗಳು ಕೆಳಗಿನ ಚೀಟಿಯ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿ, "ಹಿಂದೂ ವಿಧವೆ ಅಂತ ಬರ್ದಾರ" ಎಂದಳು. ಅಲ್ಲೇ ಯಾವುದೋ ಶಾಲೆಯ ಹುಡುಗಿಯರ ಗುಂಪಿತ್ತು. ಒಬ್ಬಳು ಗೊಂಬೆಯನ್ನು ನೋಡಿ, ತಿರುಗಿ ನಾದಿನಿಯನ್ನು ನೋಡಿದಳು.

"ಅಗಂ ಬಘ್, ಹೀ ತರ್ ಖರೀ ಆಹೆ!" ಇವಳು ನಿಜವಾದವಳು ನೋಡೇ ಎಂದು ಮರಾಠಿಯಲ್ಲಿ ಗೆಳತಿಯರನ್ನೆಲ್ಲ ಕರೆದಳು. ಅವರು ಸುತ್ತ ನಿಂತು ಗೊಂಬೆಯನ್ನೊಮ್ಮೆ, ಇವಳನ್ನೊಮ್ಮೆ ನೋಡತೊಡಗಿದರು.

ನಾಚಿಕೆಯಿಂದ ನನ್ನ ಕಿವಿ ಕಾದುಹೋಯಿತು. ಒಂದು ಸಲ ಗದರಿಸಿದ್ದರೆ ಅವರೆಲ್ಲ ಚದುರಿಹೋಗುತ್ತಿದ್ದರು. ಅದು ಬಿಟ್ಟು ನಾನು ಮಾಡಿದ್ದೇನು? ನಾದಿನಿಯ ಸೆರಗನ್ನು ಹಣೆಯ ಕೆಳಗೆ ಎಳೆದೆ, ತಪ್ಪು ಅವಳದೇ ಎಂಬಂತೆ. ನನ್ನ ಕೈ ಸೇದಿಹೋಗಲಿ!

ಅವಳು ಅಲ್ಲಿಂದ ಕದಲಲಿಲ್ಲ. ಮನೆಯಲ್ಲಿ ಅವಳು ಕನ್ನಡಿ ನೋಡುವಂತಿರಲಿಲ್ಲ.

"ವೈನೀ, ನಾ ಹಿಂಗ ಕಾಣ್ತೀನೇನ್ರಿ?"

"ನಡಿ ನಡಿ, ಲೋಕಲ್‌ಗೆ ಗರ್ದಿ ಆಗ್ತದ" ಎಂದೆ. ಅಷ್ಟೇ ಹೊರಟಿತು ನನ್ನ ಬಾಯಿಂದ.

ಬರುವಾಗ ಅವಳು ಕಿಟಕಿಯ ಹತ್ತಿರ ಕೂಡಲಿಲ್ಲ. ಏನೇನು ನೋಡಿದಿರಿ ಎಂದು ಅತ್ತೆ ಕೇಳಿದರು. "ಹಡಗ" ಎಂದು ನಾದಿನಿ ಒಳಗೆ ಹೋದಳು. ಮಗ ಆಮೇಲೆ ಎಷ್ಟು ಕರೆದರೂ ಚಾಳಿನ ಮೆಟ್ಟಿಲು ಕೂಡ ಇಳಿಯಲಿಲ್ಲ.

ಹಜಾಮ ಬರುವ ದಿನ ಬಂತು. ಅಷ್ಟೆಲ್ಲ ಕಣ್ಣಾರೆ ಕಂಡು ಬಂದ ನಾನು, ಯಾವತ್ತಿನಂತೆ ನೀರಿಟ್ಟೆ. ಅವನು ಬಚ್ಚಲ ಮೋರಿಯ ಹತ್ತಿರ ಕುಳಿತು ಕತ್ತಿ ಮಸೆಯುತ್ತಿದ್ದ. ನಾದಿನಿ ಅಕ್ಕಿ ಆರಿಸುತ್ತಾ ಕುಳಿತೇ ಇದ್ದಳು.

"ಏಳವಾ, ಅವ ಎಷ್ಟೊತ್ತು ಕಾಯಬೇಕು?" ಎಂದರು ಅತ್ತೆ.

"ಗಾಜಿನ ಪೆಟ್ಟಿಗ್ಯಾಗ ಒಬ್ಬಾಕಿ ಕೂತಾಳಲ್ಲವಾ, ಸಾಕು. ನಾ ಇನ್ನ ಕೂಡಂಗಿಲ್ಲ."

ಅತ್ತೆಗೆ ತಲೆಬುಡ ತಿಳಿಯಲಿಲ್ಲ. ನನ್ನ ಕಡೆ ತಿರುಗಿ, "ಏನಂತಾಳ ಇಕಿ? ನೀರು ಕಾದಾವೇನು?" ಎಂದರು. ನಾದಿನಿಯೂ ನನ್ನನ್ನೇ ನೋಡಿದಳು. ಒಂದು ಮಾತು, ಒಂದೇ ಮಾತು ನಾನು ಆಡಬೇಕಿತ್ತು.

"ಕಾದಾವ್ರಿ" ಎಂದು ಪಾತ್ರೆ ಇಳಿಸಲು ಇಕ್ಕಳ ತೆಗೆದುಕೊಂಡೆ.

ಅವಳು ಎದ್ದು ಒಲೆಯ ಹತ್ತಿರ ಬಂದಳು. ತಲೆಯ ಮೇಲಿನ ಸೆರಗನ್ನೇ ತೆಗೆದು ಬಿಸಿ ಪಾತ್ರೆಗೆ ಸುತ್ತಿ, ಎಲ್ಲರೆದುರು ನೀರನ್ನೆಲ್ಲ ಮೋರಿಗೆ ಸುರಿದಳು. ಇಕ್ಕಳ ನನ್ನ ಕೈಯಲ್ಲೇ ಇತ್ತು.